ಚಿನ್ನದ ನಿಬ್ಬು: ತೂಕ, ಮೊನೆ ಮತ್ತು ಕನ್ನಡದ ಕೈಬರಹ

ಕಳೆದ ತಿಂಗಳು ನಮ್ಮ ವಿಭಾಗದ ಸಂಶೋಧನ ವಿದ್ಯಾರ್ಥಿಯೊಬ್ಬ ತನ್ನ ಮೊದಲ ಶಿಷ್ಯವೇತನದ ಹಣದಲ್ಲಿ ಚಿನ್ನದ ನಿಬ್ಬಿನ ಪೆನ್ನೊಂದನ್ನು ಕೊಂಡು ತಂದು ನನ್ನ ಮೇಜಿನ ಮೇಲಿಟ್ಟ. ಬರೆದು ನೋಡಿ ಎಂದು ಆತ ಹೇಳಲಿಲ್ಲ. "ಕೈಯಲ್ಲಿ ಹಿಡಿದು ನೋಡಿ ಸರ್, ಎಷ್ಟು ತೂಕವಿದೆ!" ಎಂದ. ಹಿಡಿದು ನೋಡಿದೆ. ಹಿತ್ತಾಳೆಯ ಒಡಲಿನ ಮೇಲೆ ಅರಗಿನ ಮೆರುಗು ಕೊಟ್ಟ, ಮುಚ್ಚಳ ಸೇರಿ 40 ಗ್ರಾಮಿಗೂ ಮಿಕ್ಕ ಲೇಖನಿ. ನಿಬ್ಬಿನ ಮೇಲೆ 750 ಎಂಬ ಮುದ್ರೆ. "ಹದಿನೆಂಟು ಕ್ಯಾರೆಟ್ಟು ಸರ್, ಹದಿನಾಲ್ಕರದ್ದಲ್ಲ" ಎಂದು ಆತನೇ ವಿವರಿಸಿದ. ಎರಡು ಸಾಲು ಬರೆದೆ, ಮುಚ್ಚಳ ಹಾಕಿದೆ, "ಚೆನ್ನಾಗಿದೆ ಕಣಪ್ಪ" ಎಂದು ಹಿಂದಿರುಗಿಸಿದೆ. ಆ ಮಾತು ಪ್ರಾಮಾಣಿಕವಾದುದಾಗಿರಲಿಲ್ಲ. ಅವನ ಸಂತೋಷವನ್ನು ಕೆಡಿಸುವ ಮನಸ್ಸಾಗಲಿಲ್ಲ, ಅಷ್ಟೆ. ಆದರೆ ಪ್ರತಿಯೊಂದು ಪಾಠವನ್ನೂ ಒರೆಗೆ ಹಚ್ಚಬೇಕೆಂದು ತರಗತಿಯಲ್ಲಿ ಬೋಧಿಸುವವನು ತನ್ನ ಮೇಜಿನ ಮೇಲಿನ ವಸ್ತುವಿನ ವಿಷಯದಲ್ಲಿ ಸುಳ್ಳು ಹೇಳಬಾರದು. ಅಂದು ಹೇಳದೆ ಉಳಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಚಿನ್ನದ ನಿಬ್ಬಿನ ಲೇಖನಿಯನ್ನು ಕೊಳ್ಳುವವರು ಸಾಮಾನ್ಯವಾಗಿ ಎರಡು ಅಳತೆಗೋಲುಗಳನ್ನು ನಂಬುತ್ತಾರೆ. ಭಾರವಾದದ್ದು ಬೆಲೆಯುಳ್ಳದ್ದು ಎಂಬುದು ಒಂದು. ಚಿನ್ನದ ಅಂಶ ಹೆಚ್ಚಿದ್ದಷ್ಟೂ ನಿಬ್ಬು ಶ್ರೇಷ್ಠ ಎಂಬುದು ಇನ್ನೊಂದು. ಎರಡೂ ಅಕ್ಕಸಾಲಿಗನ ಅಂಗಡಿಯಲ್ಲಿ ಸರಿಯಾದ ಅಳತೆಗೋಲುಗಳೇ. ಬರವಣಿಗೆಯ ಮೇಜಿನ ಮೇಲೆ ಎರಡೂ ದಾರಿ ತಪ್ಪಿಸುತ್ತವೆ ಎಂಬುದು ನನ್ನ ಅಭಿಪ್ರಾಯ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದರಿಂದೇನು ಎಂದು ಕೇಳಬಹುದು. ಕೈಬರಹದ ಟಿಪ್ಪಣಿಗಳನ್ನು, ಕರಡುಗಳನ್ನು, ಪಾಠಾಂತರಗಳನ್ನು ಓದಿ ಕಾಲನಿರ್ಣಯ ಮಾಡುವ ನಮಗೆ ಇದು ಕೇವಲ ಶೋಕಿಯ ಪ್ರಶ್ನೆಯಲ್ಲ. ಅದಕ್ಕೆ ಕಾರಣವನ್ನು ಕೊನೆಯಲ್ಲಿ ನನ್ನದೇ ಒಂದು ತಪ್ಪಿನ ಮೂಲಕ ಹೇಳುತ್ತೇನೆ.

ಮೊದಲು ಚಿನ್ನದ ಮಾತು. 24 ಕ್ಯಾರೆಟ್ ಎಂದರೆ ಅಪರಂಜಿ. ನಿಬ್ಬಿನ ಮೇಲೆ 585 ಎಂದಿದ್ದರೆ ಅದು 14 ಕ್ಯಾರೆಟ್, ಸಾವಿರ ಭಾಗದಲ್ಲಿ 585 ಭಾಗ ಚಿನ್ನ. 750 ಎಂದರೆ 18 ಕ್ಯಾರೆಟ್. ಜಪಾನಿನ ಸೇಲರ್ ಸಂಸ್ಥೆ 21 ಕ್ಯಾರೆಟ್ಟಿನ ನಿಬ್ಬುಗಳನ್ನೂ ಮಾಡುತ್ತದೆ, ಅವುಗಳ ಮುದ್ರೆ 875. ಉಳಿದ ಭಾಗ ಬೆಳ್ಳಿ, ತಾಮ್ರ ಮೊದಲಾದ ಲೋಹಗಳದ್ದು. ಇಡೀ ನಿಬ್ಬು ತೂಗಿದರೆ ಸಾಮಾನ್ಯವಾಗಿ ಒಂದು ಗ್ರಾಮಿನ ಆಸುಪಾಸು, ಚಿಕ್ಕದಾದರೆ ಅದರ ಅರ್ಧ. ಗುಲಗಂಜಿಯ ಲೆಕ್ಕದಲ್ಲಿ ತೂಗಬೇಕಾದಷ್ಟು ಚಿನ್ನಕ್ಕಾಗಿ ನಾವು ಸಾವಿರಾರು ರೂಪಾಯಿ ಹೆಚ್ಚು ಕೊಡುತ್ತೇವೆ. 14ಕ್ಕೂ 18ಕ್ಕೂ ಇರುವ ಅಂತರದ ಚಿನ್ನವನ್ನು ಪ್ರತ್ಯೇಕವಾಗಿ ಕರಗಿಸಿ ಕೈಗೆ ಕೊಟ್ಟರೆ ಅದು ಮೂಗುಬೊಟ್ಟಿಗೂ ಸಾಲದು.

ನಿಬ್ಬಿಗೆ ಚಿನ್ನ ಬಂದುದು ವೈಭವಕ್ಕಾಗಿ ಅಲ್ಲ, ಮಸಿಯ ಕಾಟ ತಡೆಯಲಾರದೆ. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಕಚೇರಿಗಳ ಮಸಿ ಎಂದರೆ ಮಾಚಿಕಾಯಿಯ ಒಗರನ್ನೂ ಕಬ್ಬಿಣದ ಲವಣವನ್ನೂ ಕೂಡಿಸಿ ಮಾಡಿದ್ದು. ಅದು ಆಮ್ಲಗುಣದ್ದು. ಅದ್ದಿ ಬರೆಯುವ ಉಕ್ಕಿನ ಮುಳ್ಳುಗಳನ್ನು ಆ ಮಸಿ ಬಹುಬೇಗ ತಿಂದುಹಾಕುತ್ತಿತ್ತು. ಮುಳ್ಳು ಅಗ್ಗದ್ದಾದುದರಿಂದ ಎಸೆದು ಬೇರೆಯದನ್ನು ಸಿಕ್ಕಿಸಿಕೊಳ್ಳುತ್ತಿದ್ದರು. ಮಸಿಯನ್ನು ಒಡಲಲ್ಲಿಟ್ಟುಕೊಂಡು ಹಗಲಿರುಳೂ ಅದರಲ್ಲೇ ನೆನೆದಿರುವ ಲೇಖನಿ ಬಂದಾಗ ಆ ಉಪಾಯ ನಡೆಯಲಿಲ್ಲ. 1884ರಲ್ಲಿ ವಾಟರ್‌ಮನ್ ತನ್ನ ಲೇಖನಿಗೆ ಹಕ್ಕುಪತ್ರ ಪಡೆದಾಗ ಅದರ ಮುಖ್ಯಾಂಶವಾಗಿದ್ದುದು ನಿಬ್ಬಿನಡಿಯ ನಾಲಿಗೆಯಲ್ಲಿ ಕೊರೆದ ಸಣ್ಣ ಕಾಲುವೆಗಳು. ಮಸಿ ಇಳಿಯುವುದೂ ಗಾಳಿ ಏರುವುದೂ ಅವುಗಳಿಂದ ಹದಕ್ಕೆ ಬಂದವು. ಆ ಹದದ ಯಂತ್ರಕ್ಕೆ ತುಕ್ಕು ಹಿಡಿಯದ ನಿಬ್ಬು ಬೇಕಿತ್ತು, ಚಿನ್ನಕ್ಕೆ ತುಕ್ಕಿಲ್ಲ. ಮುಂದೆ ತುಕ್ಕು ಹಿಡಿಯದ ಉಕ್ಕು ಬಂದ ಮೇಲೆ, ಮಸಿಗಳೂ ಸೌಮ್ಯವಾದ ಮೇಲೆ, ಚಿನ್ನದ ಈ ಮೂಲ ಪ್ರಯೋಜನ ಬಹುಮಟ್ಟಿಗೆ ತೀರಿಹೋಯಿತು. ಕಾರಣ ಹೋದರೂ ಗೌರವ ಉಳಿಯಿತು. ಭಾಷೆಯಲ್ಲಿ ಇಂತಹ ಸಂಗತಿಗಳು ನಮಗೆ ಹೊಸತಲ್ಲ. ಧ್ವನಿ ಸತ್ತ ಮೇಲೂ ಲಿಪಿಯಲ್ಲಿ ಎಷ್ಟು ಕಾಲ ಅಕ್ಷರಗಳು ಬದುಕಿರುತ್ತವೆಂಬುದನ್ನು ಱಕಾರ ೞಕಾರಗಳ ಚರಿತ್ರೆ ಬಲ್ಲವರು ಬಲ್ಲರು.

ಇದಕ್ಕಿಂತ ಸ್ವಾರಸ್ಯವಾದ ಸಂಗತಿ ಇನ್ನೊಂದಿದೆ. ಚಿನ್ನದ ನಿಬ್ಬಿನಿಂದ ಬರೆಯುವವರಲ್ಲಿ ಯಾರೂ ಚಿನ್ನದಿಂದ ಬರೆಯುವುದಿಲ್ಲ! ಚಿನ್ನ ಮೃದು. ಕಾಗದದ ಮೇಲೆ ಉಜ್ಜಿದರೆ ಕೆಲವೇ ದಿನಗಳಲ್ಲಿ ಸವೆದುಹೋಗುತ್ತದೆ. ಆದ್ದರಿಂದ ಅದರ ತುದಿಗೆ ಅತಿ ಗಟ್ಟಿಯಾದ ಬೇರೊಂದು ಲೋಹದ ಕಾಳನ್ನು ಬೆಸೆಯುತ್ತಾರೆ. 1830ರ ದಶಕದಲ್ಲಿ ಜಾನ್ ಐಸಾಕ್ ಹಾಕಿನ್ಸ್ ಎಂಬಾತ ಇರಿಡಿಯಂ ಆಸ್ಮಿಯಂಗಳು ಕೂಡಿದ ಸಹಜ ಖನಿಜವನ್ನು ಈ ಕೆಲಸಕ್ಕೆ ಬಳಸಿದ. ಹಾಗಾಗಿ ಇಂದಿಗೂ ಅದನ್ನು ಇರಿಡಿಯಂ ಮೊನೆ ಎಂದೇ ಕರೆಯುತ್ತಾರೆ. ಈಗ ಅದರಲ್ಲಿ ಇರಿಡಿಯಂ ಇರುವುದು ಅಪರೂಪ. ರುಥೇನಿಯಂ, ಆಸ್ಮಿಯಂ, ಟಂಗ್‌ಸ್ಟನ್ ಮೊದಲಾದವುಗಳ ಮಿಶ್ರಣವೇ ಹೆಚ್ಚು. ಅಗ್ಗದ ಉಕ್ಕಿನ ನಿಬ್ಬುಗಳ ಮೇಲೂ 'ಇರಿಡಿಯಂ ಪಾಯಿಂಟ್' ಎಂಬ ಬರಹವಿರುತ್ತದೆ. ಕಾಗದವನ್ನು ಮುಟ್ಟುವುದು ಈ ಕಾಳು ಮಾತ್ರ. ಅದನ್ನು ಎರಡು ಸಮಭಾಗವಾಗಿ ಸೀಳಿ, ಅಂಚುಗಳನ್ನು ತೀಡಿ, ದುಂಡಗೆ ನುಣುಪುಗೊಳಿಸಿದ ಕೈ ಯಾವುದು ಎಂಬುದರ ಮೇಲೆ ನಿಬ್ಬಿನ ಗುಣ ನಿಂತಿದೆ. ಒರೆಗಲ್ಲಿಗೆ ತಿಕ್ಕಿದರೆ ಚಿನ್ನದ ಬಣ್ಣ ತಿಳಿದೀತು, ಈ ಕೈಯ ಹದ ತಿಳಿಯದು.

ಹಾಗಾದರೆ ಚಿನ್ನದಿಂದ ಏನೂ ಉಪಯೋಗವಿಲ್ಲವೆ? ಇದೆ, ಆದರೆ ಹೇಳುವಷ್ಟಿಲ್ಲ. ತೆಳುವಾಗಿ ಬಡಿದು ಹದಗೊಳಿಸಿದ ಚಿನ್ನದ ಮಿಶ್ರಲೋಹಕ್ಕೆ ಹಿತವಾದ ಪುಟಿತವಿರುತ್ತದೆ. ಅಕ್ಷರದ ಇಳಿಗೆರೆಯಲ್ಲಿ ತುಸು ಒತ್ತಿದರೆ ಕವಲುಗಳು ಕೂದಲೆಳೆಯಷ್ಟು ಅಗಲಿ ಮತ್ತೆ ಕೂಡುತ್ತವೆ. ಕೈ ನೋಯುವ ಹೊತ್ತಿಗೆ ಈ ಅಲ್ಪ ಮಣಿತ ದೊಡ್ಡ ಉಪಕಾರ. ಆದರೆ ಈ ಗುಣ ಬರುವುದು ಲೋಹದ ದಪ್ಪದಿಂದ, ನಿಬ್ಬಿನ ಭುಜಗಳ ಆಕಾರದಿಂದ, ಸೀಳಿನ ಉದ್ದದಿಂದ. ಕ್ಯಾರೆಟ್ಟಿನ ಏರಿಕೆಯಿಂದಲ್ಲ. ಚಿನ್ನದ ಪ್ರಮಾಣ ಹೆಚ್ಚಿದಂತೆ ಮಿಶ್ರಲೋಹ ಸಾಮಾನ್ಯವಾಗಿ ಮೆತ್ತಗಾಗುತ್ತದೆ, ಮೆತ್ತಗಿರುವುದೂ ಪುಟಿಯುವುದೂ ಒಂದೇ ಅಲ್ಲ. ಒತ್ತಿದರೆ ಬಾಗಿ ಹಾಗೆಯೇ ಉಳಿಯುವುದು ಮೆತ್ತಗಿನ ಗುಣ. ಒತ್ತು ಬಿಟ್ಟೊಡನೆ ಮೊದಲಿನಂತಾಗುವುದು ಪುಟಿತ. ಈ ದೃಷ್ಟಿಯಿಂದ 14 ಕ್ಯಾರೆಟ್ಟು 18ಕ್ಕಿಂತ ಕೀಳೇನಲ್ಲ, ಎಷ್ಟೋ ವೇಳೆ ಮೇಲು. ಇನ್ನು ಪಾರ್ಕರ್ 51ನ್ನು ನೋಡಿ. 1941ರಲ್ಲಿ ಮಾರುಕಟ್ಟೆಗೆ ಬಂದ ಆ ಪ್ರಸಿದ್ಧ ಲೇಖನಿಯ ನಿಬ್ಬು 14 ಕ್ಯಾರೆಟ್ ಚಿನ್ನದ್ದೇ, ಆದರೆ ಮುಸುಕಿನೊಳಗೆ ಅಡಗಿ ತುದಿಯಷ್ಟನ್ನೇ ಹೊರಚಾಚಿದ ಅದು ಮೊಳೆಯಂತೆ ಬಿಗಿ. ಚಿನ್ನ ಮಣಿಯುತ್ತದೆ ಎನ್ನುವವರು ಅದರಿಂದ ನಾಲ್ಕು ಸಾಲು ಬರೆದು ಆಮೇಲೆ ಮಾತಾಡಬೇಕು.

ಹಳೆಯ ಲೇಖನಿಗಳನ್ನು ಕೊಳ್ಳುವ ವಿದ್ಯಾರ್ಥಿಗಳಿಗೆ ಒಂದು ಕಿವಿಮಾತು. ನಿಬ್ಬು ಹಳದಿಯಾಗಿದ್ದ ಮಾತ್ರಕ್ಕೆ ಚಿನ್ನವಲ್ಲ, ಉಕ್ಕಿನ ಮೇಲೆ ಚಿನ್ನದ ನೀರು ಹಾಯಿಸಿದ್ದೇ ಹೆಚ್ಚು. ಅಯಸ್ಕಾಂತ ಹಿಡಿದರೆ ಅದು ಚಿನ್ನವಲ್ಲವೆಂಬುದು ನಿಶ್ಚಯ. ಹಿಡಿಯದಿದ್ದರೆ ಚಿನ್ನವೆಂಬುದು ನಿಶ್ಚಯವಲ್ಲ, ಅಯಸ್ಕಾಂತಕ್ಕೆ ಅಂಟದ ಉಕ್ಕೂ ಉಂಟು. ಸೀಳಿನ ಒಳಗೋಡೆಯಲ್ಲೋ ಉಸಿರುರಂಧ್ರದ ಅಂಚಿನಲ್ಲೋ ಬಿಳುಪು ಇಣುಕಿದರೆ ಅನುಮಾನಿಸಬೇಕು.

ಇನ್ನು ತೂಕದ ವಿಚಾರ. ಇಲ್ಲಿ ನನ್ನ ಅನುಭವ ವಿದ್ಯಾರ್ಥಿಯ ಉತ್ಸಾಹಕ್ಕೆ ನೇರ ವಿರುದ್ಧವಾದದ್ದು. ಉತ್ತರಪತ್ರಿಕೆಗಳ ಮೌಲ್ಯಮಾಪನದ ದಿನಗಳಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಪೆನ್ನು ಹಿಡಿದು, ಮನೆಗೆ ಬಂದು ಮತ್ತೆ ಟಿಪ್ಪಣಿ ಬರೆಯುವ ಕೈಗೆ ಗ್ರಾಮುಗಳ ಲೆಕ್ಕ ಚೆನ್ನಾಗಿ ಗೊತ್ತು. ಪೈಲಟ್ ಸಂಸ್ಥೆಯ ಕಸ್ಟಮ್ 74 ಎಂಬ 14 ಕ್ಯಾರೆಟ್ ನಿಬ್ಬಿನ ಲೇಖನಿ ಸುಮಾರು 17 ಗ್ರಾಂ. ಪೆಲಿಕನ್ ಎಂ400 ಅದಕ್ಕಿಂತಲೂ ಹಗುರ. ಅದೇ ಮನೆತನದ ಎಂ800 ಸುಮಾರು 28 ಗ್ರಾಮಿಗೆ ಏರುವುದು ಒಳಗಿನ ಕೊಂತದ ಯಂತ್ರ ಹಿತ್ತಾಳೆಯದಾದುದರಿಂದ. 1952ರಿಂದ ಬರುತ್ತಿರುವ ಮಾಂಟ್‌ಬ್ಲಾಂಕ್ 149 ದಪ್ಪ ಕಬ್ಬಿನ ಜಲ್ಲೆಯಂತಿದ್ದು 30 ಗ್ರಾಮನ್ನು ದಾಟುತ್ತದೆ. ಇವುಗಳಲ್ಲಿ ಯಾವುದರ ಭಾರವೂ ಚಿನ್ನದಿಂದ ಬಂದುದಲ್ಲ. ಭಾರವೆಲ್ಲ ಹಿತ್ತಾಳೆಯದು, ರಾಳದ ಗಾತ್ರದ್ದು. ಕೈಯಲ್ಲಿ ತೂಗಿ ಬೆಲೆ ಕಟ್ಟುವವರು ತಿಳಿಯದೆ ಹಿತ್ತಾಳೆಗೆ ಬೆಲೆ ಕಟ್ಟುತ್ತಿರುತ್ತಾರೆ.

ಅದಕ್ಕಿಂತ ಮುಖ್ಯವಾದುದು, ಆ ಭಾರ ಎಲ್ಲಿ ಕುಳಿತಿದೆ ಎಂಬುದು. ಮುಚ್ಚಳವನ್ನು ಹಿಂಬದಿಗೆ ಸಿಕ್ಕಿಸಿದರೆ ಗುರುತ್ವದ ನೆಲೆ ಹಿಂದಕ್ಕೆ ಸರಿಯುತ್ತದೆ. ಲೇಖನಿ ಹೆಬ್ಬೆರಳು ತೋರುಬೆರಳುಗಳ ನಡುವಣ ಕಣಿವೆಯಿಂದ ಆಚೆಗೆ ಜೋಲಿ ಹೊಡೆಯುತ್ತದೆ. ನಿಬ್ಬನ್ನು ಕಾಗದಕ್ಕೆ ತಾಕಿಸಿಡುವುದಕ್ಕೇ ಬೆರಳುಗಳು ದುಡಿಯಬೇಕಾಗುತ್ತದೆ. ಷೇಫರ್ ಸಂಸ್ಥೆ 1929ರಲ್ಲಿ ಎರಡೂ ತುದಿಗಳನ್ನು ಸಪುರಗೊಳಿಸಿದ ಲೇಖನಿಯನ್ನು ತಂದು ಅದಕ್ಕೆ 'ಬ್ಯಾಲೆನ್ಸ್' ಎಂದೇ ಹೆಸರಿಟ್ಟಿತು. ತೂಕಕ್ಕಿಂತ ಸಮತೋಲ ದೊಡ್ಡದೆಂಬುದು ಮಾರುವವರಿಗೇ ಆಗ ತಿಳಿದಿತ್ತು. ಮಸಿ ತುಂಬಿದ ಲೇಖನಿಯನ್ನು ತೋರುಬೆರಳಿನ ಮೇಲೆ ಅಡ್ಡಲಾಗಿ ನಿಲ್ಲಿಸಿ ನೋಡಿ. ಅದು ಓಲಾಡದೆ ನಿಲ್ಲುವ ಬಿಂದು ನಡುಭಾಗದಿಂದ ನಿಬ್ಬಿನ ಕಡೆಗೆ ತುಸು ಸರಿದಿದ್ದರೆ ಆ ಲೇಖನಿ ಒಳ್ಳೆಯದು. ಬಿಂದು ಹಿಂಬದಿಗೆ ಹೋಗಿದ್ದರೆ ಎಷ್ಟು ಚಂದವಿದ್ದರೂ ಬೇಡ. ಚಿನ್ನದ ಸೂಜಿಯೆಂದು ಕಣ್ಣು ಚುಚ್ಚಿಕೊಳ್ಳುವವರುಂಟೆ?

ಬರೆಯುವ ಉಪಕರಣದ ಭಾರಕ್ಕೆ ಅರ್ಥವಿದ್ದ ಕಾಲವೊಂದು ನಮ್ಮಲ್ಲೇ ಇತ್ತು. ತಾಳೆಯೋಲೆಯ ಮೇಲೆ ಕೊರೆಯುತ್ತಿದ್ದ ಕಂಟ ಕಬ್ಬಿಣದ್ದು. ಲಿಪಿಕಾರ ಅದನ್ನು ಬಲಗೈ ಮುಷ್ಟಿಯಲ್ಲಿ ಹಿಡಿದು, ಎಡಗೈ ಹೆಬ್ಬೆರಳಿನ ಆಸರೆ ಕೊಟ್ಟು, ಓಲೆಯನ್ನು ಸರಿಸುತ್ತ ಕೊರೆಯುತ್ತಿದ್ದ. ಆಮೇಲೆ ಮಸಿ ಬಳಿದು ಒರೆಸಿದರೆ ಗೀರುಗಳಲ್ಲಿ ಅಕ್ಷರ ಕಾಣಿಸುತ್ತಿತ್ತು. ಅಲ್ಲಿ ಭಾರವೂ ದುಡಿಯುತ್ತಿತ್ತು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದಳೆಂದು ನಾವು ಪಾಠ ಹೇಳುತ್ತೇವೆ, ಆ ಸಾವಿರ ಪ್ರತಿಗಳ ಹಿಂದಿನ ಮಣಿಕಟ್ಟುಗಳ ನೋವನ್ನು ನೆನೆಯುವುದಿಲ್ಲ. ಮಸಿಯ ಲೇಖನಿಯಲ್ಲಾದರೋ ಒತ್ತಡವೇ ಬೇಡ. ಕಾಗದ ತನ್ನ ನಾರುಗಳ ಸೆಳೆತದಿಂದ ಮಸಿಯನ್ನು ತಾನೇ ಎಳೆದುಕೊಳ್ಳುತ್ತದೆ. ಅದಕ್ಕೆ ಕಂಟದ ಭಾರ ಕೊಡುವುದು ವ್ಯರ್ಥ.

ನಿಬ್ಬನ್ನು ನಾನು ಪರೀಕ್ಷಿಸುವ ಕ್ರಮ ಹೀಗೆ. ಮೊದಲು ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಮೊನೆಯನ್ನು ಎದುರಿನಿಂದ ನೋಡುತ್ತೇನೆ. ಎರಡು ಕವಲುಗಳು ಒಂದೇ ಮಟ್ಟದಲ್ಲಿರಬೇಕು. ಒಂದು ಕೂದಲಿನಷ್ಟು ಮೇಲೆದ್ದಿದ್ದರೂ ಒಂದು ದಿಕ್ಕಿನಲ್ಲಿ ಗೀರುತ್ತದೆ. ಸೀಳು ಉಸಿರುರಂಧ್ರದಿಂದ ಮೊನೆಯತ್ತ ಬರುತ್ತ ಕಿರಿದಾಗಬೇಕು. ಕಾಳಿನ ಎರಡು ಹೋಳುಗಳೂ ಸಮನಾಗಿರಬೇಕು. ಹೊಸ ನಿಬ್ಬುಗಳಲ್ಲಿ ಒಂದು ಮೋಸವುಂಟು. ಗಾಜಿನಂತೆ ಜಾರಲಿ ಎಂದು ಕಾರ್ಖಾನೆಯಲ್ಲಿ ಸೀಳಿನ ಒಳ ಅಂಚುಗಳನ್ನೂ ಅತಿಯಾಗಿ ದುಂಡಗೆ ಮಾಡಿಬಿಡುತ್ತಾರೆ. ಆಗ ಮಸಿ ಸೀಳಿನೊಳಗೇ ನಿಂತು ಕಾಗದವನ್ನು ಮುಟ್ಟುವುದಿಲ್ಲ, ಅಕ್ಷರದ ಮೊದಲ ಗೆರೆ ಬೀಳುವುದೇ ಇಲ್ಲ. ಅಂಗಡಿಯಲ್ಲಿ "ಎಷ್ಟು ನಯ!" ಎನಿಸಿದ ನಿಬ್ಬು ಮನೆಯಲ್ಲಿ ಕೈಕೊಡುವುದು ಹೀಗೆ. ಅತಿ ನಯವನ್ನು ನಾನು ನಂಬುವುದಿಲ್ಲ. ಸೀಸದಕಡ್ಡಿ ಕಾಗದದ ಮೇಲೆ ಆಡುವಾಗಿನಂತಹ ಸಣ್ಣ ಸದ್ದು, ಸಣ್ಣ ತಡೆ ಇದ್ದರೆ ಅಕ್ಷರ ಹದ್ದುಮೀರುವುದಿಲ್ಲ.

ಕನ್ನಡಿಗರು ಕನ್ನಡದಲ್ಲೇ ಬರೆದು ಪರೀಕ್ಷಿಸಬೇಕು ಎಂಬುದು ನನ್ನ ಹಠ. ಅಂಗಡಿಗಳಲ್ಲಿ ಎಲ್ಲರೂ ಇಂಗ್ಲಿಷಿನಲ್ಲಿ ತಮ್ಮ ರುಜು ಹಾಕಿ ನೋಡುತ್ತಾರೆ. ನಮ್ಮ ರುಜು ಎಷ್ಟೋ ಸಾವಿರ ಸಲ ಹಾಕಿ ಸವೆದ ಜಾಡು, ಯಾವ ಪೆನ್ನಿನಲ್ಲೂ ಅದು ಚೆನ್ನಾಗಿಯೇ ಬರುತ್ತದೆ. ಕನ್ನಡ ಲಿಪಿ ದುಂಡಗಿನದು. ತಲೆಕಟ್ಟಿನಲ್ಲಿ ನಿಬ್ಬನ್ನು ಬಲಕ್ಕೆ ತಳ್ಳುತ್ತೇವೆ, ಗುಡಿಸಿನಲ್ಲಿ ಮೇಲಕ್ಕೆ ನೂಕಿ ಸುತ್ತುತ್ತೇವೆ, ಕೊಂಬಿನಲ್ಲಿ ಕೆಳಗಿನಿಂದ ಹತ್ತಿಸುತ್ತೇವೆ. ಎಳೆಯುವ ಗೆರೆಯಲ್ಲಿ ಎಲ್ಲ ನಿಬ್ಬುಗಳೂ ಸಾಧುಗಳೇ, ನೂಕುವ ಗೆರೆಯಲ್ಲಿ ಅವುಗಳ ದೋಷ ಹೊರಬೀಳುತ್ತದೆ. ವಟ್ರಸುಳಿಯನ್ನು ಗೀರದೆ ಬರೆಯುವ ನಿಬ್ಬಿನಲ್ಲಿ ಕವಲುಗಳು ಸಮವಾಗಿವೆ ಎಂದು ಭೂತಗನ್ನಡಿಯಿಲ್ಲದೆಯೂ ಹೇಳಬಹುದು.

ಎರಡನೆಯದು ಗೆರೆಯ ಅಗಲ. ರಕಾರದ ಹೊಟ್ಟೆಯೊಳಗೆ ಚುಕ್ಕೆಯಿಟ್ಟರೆ ಠಕಾರ. ದಕಾರದೊಳಗೆ ಚುಕ್ಕೆಯಿಟ್ಟರೆ ಥಕಾರ, ಅದರ ಹೊಟ್ಟೆ ಸೀಳಿದರೆ ಧಕಾರ. ಕೆಳಗೆ ಒತ್ತಕ್ಷರ ಬಂದಾಗ ಇದೆಲ್ಲವೂ ಅರ್ಧ ಗಾತ್ರಕ್ಕೆ ಇಳಿಯುತ್ತದೆ. ಪಾಶ್ಚಾತ್ಯ ಸಂಸ್ಥೆಗಳ ಮಧ್ಯಮ ನಿಬ್ಬು ಎಂದರೆ ಸುಮಾರು 0.7 ಮಿಲಿಮೀಟರಿನ ಗೆರೆ. ಅಷ್ಟು ದಪ್ಪ ಗೆರೆಯಲ್ಲಿ, ಗೆರೆಹಾಕಿದ ನೋಟುಪುಸ್ತಕದ ಸಾಲಿನೊಳಗೆ 'ಸ್ಥಿತಿ', 'ಉದ್ಧಾರ', 'ಪಾಠ' ಎಂದು ಬರೆದು ನೋಡಿ. ಚುಕ್ಕೆಗಳೂ ಸೀಳುಗಳೂ ಮಸಿಯಲ್ಲಿ ಮುಳುಗಿಹೋಗುತ್ತವೆ. ಜಪಾನಿನ ನಿಬ್ಬುಗಳು ಒಂದು ಮಟ್ಟ ಸಪುರ. ಒತ್ತೊತ್ತಾದ ಗೆರೆಗಳ ಲಿಪಿ ಅವರದಾದುದರಿಂದ ಅವರ 'ಫೈನ್' ಎಂಬುದು 0.4 ಮಿಲಿಮೀಟರಿನ ಸಮೀಪದ್ದು. ಒತ್ತಕ್ಷರಗಳ ನಮ್ಮ ಲಿಪಿಗೆ ಅದೇ ಹೊಂದುತ್ತದೆ ಎಂಬುದು ಇಷ್ಟು ವರ್ಷಗಳ ನನ್ನ ತೀರ್ಮಾನ. ತುದಿ ಅಗಲವಾದ ನಿಬ್ಬಿನಲ್ಲಿ ರುಜು ಶೋಭಿಸುತ್ತದೆ, ಪಾಠಾಂತರದ ಟಿಪ್ಪಣಿ ಹಾಳಾಗುತ್ತದೆ.

ಓಲೆಗರಿಗಳಲ್ಲಿ ಹ್ರಸ್ವ ದೀರ್ಘ ಎಕಾರ ಒಕಾರಗಳ ಭೇದ ಕಾಣದೆ, ದಕಾರವೋ ಧಕಾರವೋ ತಿಳಿಯದೆ ಕಣ್ಣು ನೋಯಿಸಿಕೊಂಡವರಿಗೆ ಇದು ಸಣ್ಣ ವಿಷಯವಲ್ಲವೆಂದು ಗೊತ್ತು. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಓದಿ ಲಿಪಿಕಾರರ ಸ್ಖಾಲಿತ್ಯಗಳನ್ನು ಪಟ್ಟಿ ಮಾಡುವ ನಾವು ನಮ್ಮದೇ ನೋಟುಪುಸ್ತಕಗಳಲ್ಲಿ ಮುಂದಿನವರಿಗೆ ಅದೇ ತೊಡಕುಗಳನ್ನು ಬಿಟ್ಟುಹೋಗುತ್ತಿದ್ದೇವೆ.

ಈಗ ನನ್ನ ತಪ್ಪಿನ ಕಥೆ. ನನ್ನ ಸಂಶೋಧನೆಗೆ ಮಾರ್ಗದರ್ಶನ ಮಾಡಿದ ಗುರುಗಳು ಉಪನ್ಯಾಸಕರಾಗಿ ಸೇರಿದ ವರ್ಷ ಒಂದು ಪಾರ್ಕರ್ 51 ಕೊಂಡಿದ್ದರು. ನಿವೃತ್ತರಾಗುವವರೆಗೆ ಅದರಲ್ಲೇ ಬರೆದರು. ಬೀಳ್ಕೊಡುಗೆಯಲ್ಲಿ ಹೊಸದೊಂದು ಉಕ್ಕಿನ ನಿಬ್ಬಿನ ಪೆನ್ನು ಬಂದ ಮೇಲೆ ಹಳೆಯದನ್ನು ಪೆಟ್ಟಿಗೆಯಲ್ಲಿಟ್ಟರಂತೆ. ಅವರು ತೀರಿಕೊಂಡ ಮೇಲೆ ಅಮ್ಮನವರು ಅದನ್ನು ನನಗೆ ಕೊಟ್ಟು, "ಅವರ ಕೈಯಲ್ಲಿದ್ದದ್ದು, ನಿನ್ನ ಕೈಯಲ್ಲಿರಲಿ" ಎಂದರು. ಕಣ್ಣಿಗೊತ್ತಿಕೊಂಡು ಮನೆಗೆ ತಂದೆ. ಮಸಿ ತುಂಬಿ ಬರೆದರೆ ಬರೀ ಗೀರು. ಗುರುಗಳು ಲೇಖನಿಯನ್ನು ಎಡಕ್ಕೆ ವಾಲಿಸಿ ಹಿಡಿಯುತ್ತಿದ್ದರು. ಮೂರು ದಶಕಗಳಿಗೂ ಮೀರಿದ ಬರವಣಿಗೆಯಲ್ಲಿ ಆ ಗಟ್ಟಿ ಕಾಳೂ ಅವರ ಕೋನಕ್ಕೆ ತಕ್ಕಂತೆ ಒಂದು ಮಗ್ಗುಲಲ್ಲಿ ಚಪ್ಪಟೆಯಾಗಿ ಸವೆದಿತ್ತು. ಅವರ ಕೈಗೆ ಬೆಣ್ಣೆಯಂತಿದ್ದುದು ನನ್ನ ಕೈಗೆ ಮುಳ್ಳಾಯಿತು.

ನಾನದನ್ನು ಬೆಂಗಳೂರಿನ ಒಬ್ಬ ರಿಪೇರಿಯವರಲ್ಲಿಗೆ ಒಯ್ದೆ. ಅವರು ಒಳ್ಳೆಯ ಕೆಲಸಗಾರರು. "ಇದು ಬೇರೆಯವರ ಕೈಗೆ ಸವೆದದ್ದು ಸರ್, ತೀಡಲೋ ಬೇಡವೋ?" ಎಂದು ಕೇಳಿದರು. ತೀಡಿ ಎಂದವನು ನಾನೇ. ಅರ್ಧ ಗಂಟೆಯಲ್ಲಿ ಸವೆದ ಮಗ್ಗುಲು ಹೋಗಿ ಮೊನೆ ದುಂಡಗಾಯಿತು. ಎಷ್ಟು ಸೊಗಸಾಗಿ ಬರೆಯತೊಡಗಿತೆಂದರೆ ಬಸ್ಸಿನಲ್ಲಿ ಬರುವಾಗ ಟಿಕೆಟಿನ ಹಿಂಬದಿಯಲ್ಲೆಲ್ಲ ಬರೆದೆ.

ನಾಲ್ಕು ವರ್ಷಗಳ ಬಳಿಕ ಗುರುಗಳು ಅರ್ಧಕ್ಕೆ ಬಿಟ್ಟುಹೋಗಿದ್ದ ಒಂದು ಚಂಪೂಕಾವ್ಯದ ಪರಿಷ್ಕರಣ ನನ್ನ ಪಾಲಿಗೆ ಬಂತು. ಅವರ ಶುದ್ಧಪ್ರತಿಯ ಅಂಚುಗಳಲ್ಲಿ ಎರಡು ಪದರದ ಟಿಪ್ಪಣಿಗಳಿದ್ದವು. ಒಂದೇ ನೀಲಿಗಪ್ಪು ಶಾಯಿ, ಒಂದೇ ಕೈ, ಎಲ್ಲಿಯೂ ದಿನಾಂಕವಿಲ್ಲ. ಒಂದು ಕಂದಪದ್ಯದ ಬಳಿ ಅಂಚಿನ ಎಡಕ್ಕೆ ಪ್ರತಿಯ ಪಾಠವನ್ನೇ ಉಳಿಸಬೇಕೆಂದೂ ಬಲಕ್ಕೆ ಅದನ್ನು ತಿದ್ದಬೇಕೆಂದೂ ಬರೆದಿದ್ದರು. ಎರಡರಲ್ಲಿ ಯಾವುದು ಅವರ ಕೊನೆಯ ಅಭಿಪ್ರಾಯ? ಭೂತಗನ್ನಡಿ ಹಿಡಿದಾಗ ಒಂದರಲ್ಲಿ ಇಳಿಗೆರೆ ದಪ್ಪ, ಅಡ್ಡಗೆರೆ ಸಪುರ ಎನಿಸಿತು. ಇನ್ನೊಂದರಲ್ಲಿ ಗೆರೆ ಬಹುತೇಕ ಸಮ. ಮೊದಲನೆಯದು ಸವೆದ ಪಾರ್ಕರಿನದು, ಎರಡನೆಯದು ನಿವೃತ್ತಿಯ ನಂತರದ ಉಕ್ಕಿನ ನಿಬ್ಬಿನದು ಎಂದಾದರೆ ಪ್ರಶ್ನೆ ಬಗೆಹರಿದಂತೆಯೇ. ಆದರೆ ಅದನ್ನು ಸ್ಥಾಪಿಸಲು ಬೇಕಾದ ಸಾಕ್ಷಿ ಆ ಸವೆದ ಮಗ್ಗುಲು. ಅದರ ಅಗಲವನ್ನು ಅಳೆದು, ಅದೇ ಶುದ್ಧಪ್ರತಿಯ ಖಾಲಿ ಹಾಳೆಯ ಮೇಲೆ ಅದೇ ಕೋನದಲ್ಲಿ ಗೆರೆಯೆಳೆದು ಹೋಲಿಸಬಹುದಿತ್ತು. ನನ್ನ ಕೈ ಅವರ ಕೈಯಲ್ಲವಾದರೂ ಲೋಹದ ಅಳತೆ ಸುಳ್ಳು ಹೇಳುತ್ತಿರಲಿಲ್ಲ. ಅವರು ನನಗೆ ಬರೆದ ದಿನಾಂಕವಿರುವ ಕಾಗದಗಳನ್ನು ಹುಡುಕಿ ತೆಗೆದೆ. ಎಲ್ಲವೂ ಪೋಸ್ಟ್‌ಕಾರ್ಡುಗಳು. ಮಸಿ ಹೀರಿ ಗೆರೆ ಹರಡುವ ಆ ಒರಟು ಕಾಗದದಿಂದ ಶುದ್ಧಪ್ರತಿಯ ನುಣುಪು ಹಾಳೆಗೆ ಹೋಲಿಕೆ ನಿಲ್ಲಲಿಲ್ಲ. ಸಾಕ್ಷಿಯನ್ನು ನಾನೇ ದುಡ್ಡು ಕೊಟ್ಟು ತೀಡಿಸಿ ಹಾಕಿದ್ದೆ. ಮುದ್ರಿತ ಆವೃತ್ತಿಯಲ್ಲಿ ಆ ಪದ್ಯದ ಕೆಳಗೆ ಎರಡು ಪಾಠಗಳನ್ನೂ ಕೊಟ್ಟು, ನಿರ್ಣಯವಿಲ್ಲದೆ ಬಿಟ್ಟಿದ್ದೇನೆ. ಅದನ್ನು ಸಂಪಾದಕನ ಸಂಯಮವೆಂದು ಮೆಚ್ಚಿಕೊಂಡವರಿದ್ದಾರೆ. ನಿಜಸಂಗತಿ ಇದು.

ಆದುದರಿಂದ ಚಿನ್ನದ ನಿಬ್ಬಿನ ಗುಣ ನಿರ್ಣಯಿಸುವಾಗ ಎರಡು ಬೇರೆ ಪ್ರಶ್ನೆಗಳನ್ನು ಬೆರೆಸಬಾರದೆನ್ನುತ್ತೇನೆ. ಬರೆಯಲು ಕೊಳ್ಳುವ ನಿಬ್ಬು ನಮ್ಮ ಕೈಗೆ, ನಮ್ಮ ಲಿಪಿಗೆ ಹೊಂದಬೇಕು. ಹೊಂದದಿದ್ದರೆ ತಿದ್ದಿಸಬಹುದು, ತೀಡಿಸಬಹುದು. ಇನ್ನೊಬ್ಬರಿಂದ ಬಂದ ನಿಬ್ಬಿಗೆ, ಅದರಲ್ಲೂ ಬರೆದು ಬಾಳಿದವರ ನಿಬ್ಬಿಗೆ, ಆ ಪರೀಕ್ಷೆ ಸಲ್ಲದು. ಅದು ಗೀರಿದರೆ ದೋಷವೆಂದು ತಿಳಿಯಬಾರದು, ಅದೊಂದು ದಾಖಲೆ. ಲೇಖಕರ ಮನೆಗಳನ್ನು ಸ್ಮಾರಕಗಳಾಗಿ ಕಾಯ್ದುಕೊಳ್ಳುವಲ್ಲೆಲ್ಲ ಕನ್ನಡಕ, ಊರುಗೋಲು, ಪೆನ್ನುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುವುದು ವಾಡಿಕೆ. ಪೆನ್ನಿನ ಪಕ್ಕದಲ್ಲಿ ಅದರ ತಯಾರಕರ ಹೆಸರು, ಮೊನೆಯ ಅಗಲ, ಸವೆತದ ಒಂದು ಹಿಗ್ಗಿಸಿದ ಛಾಯಾಚಿತ್ರ, ಅದು ಬಳಕೆಯಲ್ಲಿದ್ದ ವರ್ಷಗಳು, ಇಷ್ಟು ಮಾಹಿತಿ ದಾಖಲಾದರೆ ಕರಡುಗಳ ಕಾಲನಿರ್ಣಯ ಮಾಡುವವರಿಗೆ ಅದೆಷ್ಟು ನೆರವಾದೀತು! ಬರಹ ಮುಖ್ಯವೇ ಹೊರತು ಲೇಖನಿಯಲ್ಲ ಎನ್ನುವ ಹಿರಿಯರು ನನ್ನ ಸುತ್ತಲೂ ಇದ್ದಾರೆ. ಓಲೆಗರಿಯ ಉದ್ದಗಲ, ಸಾಲುಗಳ ಸಂಖ್ಯೆ, ರಂಧ್ರದ ಸ್ಥಾನಗಳನ್ನು ಸೂಚಿಪತ್ರದಲ್ಲಿ ತಪ್ಪದೆ ನಮೂದಿಸುವವರೂ ಅವರೇ.

ನಿನ್ನೆ ಆ ವಿದ್ಯಾರ್ಥಿಯನ್ನು ಕರೆಸಿ ಹೇಳಬೇಕಾದ್ದನ್ನೆಲ್ಲ ಹೇಳಿದೆ. ಬೇಸರಪಟ್ಟುಕೊಳ್ಳುತ್ತಾನೆಂದುಕೊಂಡಿದ್ದೆ. "ನಿಜ ಸರ್, ಎರಡು ಪುಟ ಬರೆದರೆ ಹೆಬ್ಬೆರಳು ನೋಯುತ್ತೆ" ಎಂದ. ಮುಚ್ಚಳ ತೆಗೆದಿಟ್ಟು ಬರೆಯಲು ಹೇಳಿದೆ, ಹಗುರಾಯಿತು. ಮೊನೆಯನ್ನು ಕನ್ನಡಿಯಲ್ಲಿ ನೋಡಿದೆವು, ಒಂದು ಕವಲು ಸ್ವಲ್ಪ ಮೇಲೆದ್ದಿತ್ತು. ಉಗುರಿನಿಂದ ಮೆಲ್ಲನೆ ಒತ್ತಿ ಮಟ್ಟ ಮಾಡಿಕೊಟ್ಟೆ, ತೀಡಲಿಲ್ಲ. ನೋಟುಪುಸ್ತಕದ ಮೊದಲ ಪುಟದಲ್ಲಿ ದಿನಾಂಕ, ಪೆನ್ನಿನ ಹೆಸರು, ಶಾಯಿಯ ಹೆಸರು ಬರೆದುಕೊಳ್ಳಪ್ಪ ಎಂದೆ. ಬರೆದು, ಕೆಳಗೆ ತನ್ನ ಪ್ರಬಂಧದ ಶೀರ್ಷಿಕೆಯನ್ನೂ ಬರೆದ. ಅದರಲ್ಲಿದ್ದ ಥಕಾರದ ಚುಕ್ಕೆ ಮಸಿಯಲ್ಲಿ ಮುಚ್ಚಿಹೋಗಿತ್ತು. ಇಬ್ಬರೂ ಅದನ್ನೇ ನೋಡಿದೆವು.